ಬಿಟ್ಟುಹೋದ ಎಂಟನೆಯ ಪಾಠ

ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಗೂಡಿದೆ. ಅವ್ವನ ರಾಜ್ಯಭಾರವೆಲ್ಲ ಅಲ್ಲಿಂದಲೇ. ಹರಳೆಣ್ಣೆಯ ಗಿಂಡಿ, ಕುಂಕುಮದ ಭರಣಿ, ಹಲ್ಲು ಮುರಿದ ಬಾಚಣಿಗೆ, ಯಾವ ಕಾಯಿಲೆಗೆ ತಂದದ್ದೆಂದು ಯಾರಿಗೂ ನೆನಪಿಲ್ಲದ ನಾಲ್ಕು ಒಣಬೇರು, ಇವುಗಳ ನಡುವೆ ಒಂದು ವರ್ಷ ಒಂದು ಗಾಜಿನ ಸೀಸೆ ಬಂದು ಕುಳಿತಿತ್ತು. ಹಿರೋಡೆಯಲ್ಲಿ ಬೀಡುಬಿಟ್ಟಿದ್ದ ಪರಂಗಿ ದಂಡಿನವರು ಅದರೊಳಗಿನದನ್ನು ಕುಡಿದು ಬಿಸಾಡಿದ್ದರು. ನಾನು ಅದನ್ನು ಬೂದಿ ಹಾಕಿ ತೊಳೆದು, ಅವರು ಕುಡಿದದ್ದಕ್ಕಿಂತ ನೂರು ಪಾಲು ಉರಿಯುವ ದ್ರಾವಕವೊಂದನ್ನು ತುಂಬಿ, ಬಾಯಿಗೆ ಮೇಣ ಮೆತ್ತಿ ಆ ಗೂಡಿನಲ್ಲಿಟ್ಟಿದ್ದೆ. ಬೆಳಗಿನ ಬಿಸಿಲು ಸೀಸೆಯನ್ನು ಹಾದು ಎದುರುಗೋಡೆಯ ಮೇಲೆ ತಿಳಿಹಸಿರಿನ ಮಚ್ಚೆಯಾಗಿ ಅಲ್ಲಾಡುತ್ತಿತ್ತು. ಅದನ್ನು ನೋಡುತ್ತಾ ನಾನು ಎಷ್ಟು ಬೆಳಗುಗಳನ್ನು ಹಾಳುಮಾಡಿದ್ದೇನೆಂದು ನಿಮ್ಮೆದುರು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಪರೀಕ್ಷೆಗೆ ಪಾಠ ಒಪ್ಪಿಸಬೇಕಾದವನು ಗೋಡೆ ನೋಡುತ್ತಾ ಕುಳಿತಿದ್ದೆ.

ಹೌದು, ಪರೀಕ್ಷೆಯೇ. ಮೂವತ್ತಾರನೆಯ ವಯಸ್ಸಿನಲ್ಲಿ, ಕಿವಿಯ ಪಕ್ಕದ ಕೂದಲು ನರೆಯಲು ಹೊರಟಿದ್ದಾಗ, ನಾನು ವಿದ್ಯಾರ್ಥಿಯಾಗಿದ್ದೆ. ನಾವು ಮೂಲತಃ ನಾಗಮಂಗಲದ ಅಕ್ಕಸಾಲಿಗರು. ಅಪ್ಪ ತೀರಿಕೊಂಡ ಮೇಲೆ ನಾನು ಅವ್ವನನ್ನೂ ಹೆಂಡತಿಯನ್ನೂ ಕರೆದುಕೊಂಡು ಶ್ರೀರಂಗಪಟ್ಟಣದ ಪೇಟೆಗೆ ಬಂದು ಕುಲುಮೆ ಹೂಡಿದ್ದೆ. ಪೇಟೆಯಲ್ಲಿ ಕಾಳಾಚಾರಿ ಎಂಬ ಹಿರಿಯರಿದ್ದರು. ಒಡವೆಯಲ್ಲಿ ಎಷ್ಟು ಪಾಲು ಚಿನ್ನ, ಎಷ್ಟು ಪಾಲು ಕಲಬೆರಕೆ ಎಂದು ಹೇಳುವ ನೋಟಗಾರರು ಅವರೇ. ಅವರ ಕಣ್ಣಿಗೆ ಪೊರೆ ಬಂದು, ಬಣ್ಣ ತಿಳಿಯದಾದಾಗ, ಇನ್ನೊಬ್ಬ ನೋಟಗಾರನನ್ನು ಆರಿಸಬೇಕೆಂದು ಪೇಟೆಯ ಹಿರಿಯರು ಗೊತ್ತುಮಾಡಿದರು. ಕಾಳಾಚಾರಿ ನನ್ನ ಹೆಸರು ಹೇಳಿದರು. ನನ್ನ ಕೈಚಳಕ ಕಂಡು ಹೇಳಿದರೋ, ಅಪ್ಪನ ಮೇಲಿನ ಗೌರವಕ್ಕೆ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನ ಹೆಸರು ಅಷ್ಟು ದೊಡ್ಡದಾಗಿತ್ತು. ಲಿಂಗಾಚಾರಿಯ ಕೈಯಿಂದ ಬಂದ ಒಡವೆಯನ್ನು ಒರೆಗೆ ಹಚ್ಚಿ ನೋಡುವುದು ಅವರಿಗೆ ಮಾಡಿದ ಅವಮಾನವೆಂದು ನಾಗಮಂಗಲದಿಂದ ಬಿಂಡಿಗನವಿಲೆಯವರೆಗೆ, ಆಚೆ ಅತ್ತಿಗುಪ್ಪೆಯ ಸೀಮೆಯಲ್ಲೂ ಜನ ತಿಳಿದಿದ್ದರು.

ಪಾಠಗಳು ಎಂಟು. ಕಾಳಾಚಾರಿ ಅವನ್ನು ಹೊಳೆಯ ಸೋಪಾನದ ಮೇಲೆ ಕುಳಿತು, ಕಾಲನ್ನು ನೀರಿಗೆ ಇಳಿಬಿಟ್ಟುಕೊಂಡು ಹೇಳಿಕೊಡುತ್ತಿದ್ದರು. ನಾನು ಬಾಯಿಪಾಠ ಮಾಡಿಕೊಂಡು ಬಂದು ಮನೆಯಲ್ಲಿ ಒಪ್ಪಿಸಬೇಕು. ಒಪ್ಪಿಸಿಕೊಳ್ಳುವವಳು ನನ್ನ ಹೆಂಡತಿ ಪುಟ್ಟತಾಯಿ. ಅವಳು ರಾಗಿ ಬೀಸುತ್ತಾ ಕುಳಿತಿರುತ್ತಿದ್ದಳು. ನಾನು ತಪ್ಪಿದರೆ ಕಲ್ಲು ನಿಲ್ಲುತ್ತಿತ್ತು. ನಾನು ಸರಿಪಡಿಸಿಕೊಂಡರೆ ಮತ್ತೆ ತಿರುಗುತ್ತಿತ್ತು. ಆ ನಾಲ್ಕು ತಿಂಗಳಲ್ಲಿ ನಮ್ಮ ಮನೆಯ ಹಿಟ್ಟು ಯಾವತ್ತೂ ಸಕಾಲಕ್ಕೆ ಸಿದ್ಧವಾದದ್ದಿಲ್ಲ.

ಆ ಪಾಠಗಳನ್ನು ಈಗ ನೆನೆದರೆ ಯಾವುದೋ ಕನಸನ್ನು ಹಗಲಲ್ಲಿ ಜ್ಞಾಪಿಸಿಕೊಂಡ ಹಾಗಾಗುತ್ತದೆ. ಮೊದಲ ಪಾಠ ಒರೆಗಲ್ಲಿನದು: ಕಪ್ಪು ಕಲ್ಲಿನ ಮೇಲೆ ಎಳೆದ ಗೆರೆ ಲೋಹದ ಮೈಬಣ್ಣವನ್ನು ಮಾತ್ರ ಹೇಳುತ್ತದೆ, ಮನಸ್ಸನ್ನು ಹೇಳುವುದಿಲ್ಲ. ಮೈಗೆ ಬಣ್ಣ ಕಟ್ಟಿ ಒಳಗೆ ತಾಮ್ರ ತುಂಬುವ ವಿದ್ಯೆ ಬಲ್ಲ ಕಳ್ಳರು ನಮ್ಮಲ್ಲೂ ಇದ್ದಾರೆ. ಒಳಗಿನದನ್ನು ತಿಳಿಯಬೇಕಾದರೆ ಬೆಂಕಿಗೆ ಹೋಗಬೇಕು. ಸೀಸದ ಜೊತೆ ಕರಗಿಸಿದರೆ ತಾಮ್ರದಂಥ ಕೀಳು ಲೋಹವೆಲ್ಲ ಸೀಸದ ಸಂಗಡ ಮೂಳೆಬೂದಿಯ ಬಟ್ಟಲಿಗೆ ಇಂಗಿಹೋಗುತ್ತದೆ, ಚಿನ್ನವೂ ಬೆಳ್ಳಿಯೂ ಮಾತ್ರ ಉಳಿಯುತ್ತವೆ. ಆಮೇಲೆ ಅವೆರಡನ್ನೂ ಬಿಡಿಸಬೇಕು. ಅದಕ್ಕೆ ಸಿಡಿಮದ್ದಿಗೆ ಹಾಕುವ ಪೆಟ್ಲುಪ್ಪಿನಿಂದ ಇಳಿಸಿದ ದ್ರಾವಕ ಬೇಕು. ಅದು ಬೆಳ್ಳಿಯನ್ನು ಕರಗಿಸಿಕೊಂಡು ಚಿನ್ನವನ್ನು ಬಿಟ್ಟುಬಿಡುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ, ಕೇಳಿ. ಚಿನ್ನದಲ್ಲಿ ಬೆಳ್ಳಿ ಕೊಂಚವೇ ಇದ್ದರೆ ದ್ರಾವಕಕ್ಕೆ ಅದನ್ನು ಮುಟ್ಟಲಾಗುವುದಿಲ್ಲ. ಚಿನ್ನ ಅದನ್ನು ಮರೆಮಾಡಿಕೊಂಡು ಕೂರುತ್ತದೆ. ಆದ್ದರಿಂದ ಬೆಳ್ಳಿಯನ್ನು ತೆಗೆಯಬೇಕೆಂದಿದ್ದರೆ ಮೊದಲು ಇನ್ನಷ್ಟು ಬೆಳ್ಳಿ ಸೇರಿಸಬೇಕು. ಒಂದು ಪಾಲು ಚಿನ್ನಕ್ಕೆ ಮೂರು ಪಾಲು ಬೆಳ್ಳಿ ಹಾಕಿ ಬೆರೆಸಿದರೆ ಆಗ ದ್ರಾವಕಕ್ಕೆ ದಾರಿ ಬಿಡುತ್ತದೆ. ಶುದ್ಧವಾಗಲು ಮೊದಲು ಮೂರರಷ್ಟು ಬೆರೆಯಬೇಕೆಂಬ ಈ ನಾಲ್ಕನೆಯ ಪಾಠವನ್ನು ಕೇಳಿದ ದಿನ ನಾನು ಹೊಳೆಯ ದಂಡೆಯಲ್ಲೇ ಬಹಳ ಹೊತ್ತು ಕುಳಿತುಬಿಟ್ಟೆ. ಎದುರಿಗೆ ಕಾವೇರಿ. ಪಟ್ಟಣದ ಮೇಲ್ಗಡೆ ಎರಡಾಗಿ, ಕೆಳಗಡೆ ಮತ್ತೆ ಒಂದಾಗುವ ಹೊಳೆ. ಸಂಗಮದ ನೀರಿನಲ್ಲಿ ಇದು ಬಡಗಣ ಕವಲಿನದು, ಇದು ತೆಂಕಣದ್ದು ಎಂದು ಬೇರೆ ಮಾಡಿ ತೋರಿಸುವ ನೋಟಗಾರ ಎಲ್ಲಿದ್ದಾನೆ ಎಂದು ಯೋಚಿಸುತ್ತಾ ಕುಳಿತವನಿಗೆ ಊಟದ ಹೊತ್ತು ಮೀರಿದ್ದೇ ತಿಳಿಯಲಿಲ್ಲ.

ಪೆಟ್ಲುಪ್ಪು ಸಿಕ್ಕುವುದೇ ಆ ವರ್ಷ ದುರ್ಲಭವಾಗಿತ್ತು. ಇದ್ದದ್ದೆಲ್ಲ ದಂಡಿನ ಬಾಣ ಬಿರುಸಿನ ಮದ್ದಿಗೆ ಹೋಗುತ್ತಿತ್ತು. ನಾನು ಕಿರಂಗೂರಿಗೆ ಹೋಗಿ, ಗುರುತಿನ ಒಕ್ಕಲಿಗರೊಬ್ಬರ ಹಳೆಯ ಕೊಟ್ಟಿಗೆಯ ಗೋಡೆಯಡಿಯ ಮಣ್ಣನ್ನು ಕೆರೆದು ತಂದು, ನೀರಿನಲ್ಲಿ ನೆನೆಸಿ, ಸೋಸಿ, ಕಾಯಿಸಿ ತಣಿಸಿದೆ. ಪೆಟ್ಲುಪ್ಪು ಬಿಸಿನೀರಿನಲ್ಲಿ ಧಾರಾಳವಾಗಿ ಕರಗುತ್ತದೆ. ನೀರು ಆರಿದೊಡನೆ ಸೂಜಿಸೂಜಿಯಾಗಿ ಹೊರಗೆ ಬಂದು ನಿಲ್ಲುತ್ತದೆ. ಅಡುಗೆಯ ಉಪ್ಪಿಗೆ ಬಿಸಿಯೂ ಒಂದೇ ತಣ್ಣಗೂ ಒಂದೇ, ಅದು ನೀರಿನಲ್ಲೇ ಉಳಿದುಬಿಡುತ್ತದೆ. ಮೂರು ಸಲ ಹೀಗೆ ಮಾಡಿದರೆ ಇವೆರಡೂ ಬೇರೆಯಾಗುತ್ತವೆ ಎಂಬುದು ಐದನೆಯ ಪಾಠ. ಆ ಸೂಜಿಗಳನ್ನು ಅಂಗೈಮೇಲೆ ಹರಡಿಕೊಂಡು ನೋಡುತ್ತಿದ್ದಾಗ, ಎತ್ತು ಹಸುಗಳು ತಲೆಮಾರುಗಳ ಕಾಲ ನಿಂತು ಹೋದ ನೆಲದಿಂದ ಇಂಥ ಬಿಳುಪು ಹೇಗೆ ಬಂತೆಂದು ನನಗೆ ನಿಜವಾಗಿಯೂ ಆನಂದವಾಯಿತು. ಅದನ್ನು ಪಟಿಕದ ಜೊತೆ ಮಣ್ಣಿನ ಬಟ್ಟಿಮಡಕೆಯಲ್ಲಿ ಕಾಯಿಸಿ, ಹೊಗೆಯನ್ನು ತಣಿಸಿ ಎರಡು ಬಗೆಯ ದ್ರಾವಕ ಇಳಿಸಿದೆ. ಮೊದಲ ಸಲ ಕುದಿಸಲು ಎಳೆಯದು, ಜಾಡಿಯಲ್ಲಿ. ಎರಡನೆಯ ಸಲಕ್ಕೆ ಬಲಿತದ್ದು, ಸೀಸೆಯಲ್ಲಿ.

ಆ ಸೀಸೆ ಬಂದಮೇಲೆ ನಮ್ಮ ಬೀದಿಯಲ್ಲಿ ನನಗೊಂದು ಹೊಸ ಪ್ರತಿಷ್ಠೆ ಬಂತು. ಯಾರಾದರೂ ಬಂದರೆ ಒಂದು ಹನಿ ದ್ರಾವಕವನ್ನು ತಾಮ್ರದ ಚೂರಿನ ಮೇಲೆ ಬಿಟ್ಟು, ಅದು ಬುಸುಗುಟ್ಟಿ ಕೆಂಪು ಹೊಗೆಯೆಬ್ಬಿಸಿ ನವಿಲಿನ ಕುತ್ತಿಗೆಯ ಬಣ್ಣಕ್ಕೆ ತಿರುಗುವುದನ್ನು ತೋರಿಸುತ್ತಿದ್ದೆ. ಹೆಂಗಸರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಪುಟ್ಟತಾಯಿ ಒಲೆಯ ಮುಂದಿನಿಂದಲೇ ನನ್ನನ್ನು ಒಂದು ನೋಟ ನೋಡುತ್ತಿದ್ದಳು, ಅದರಲ್ಲಿ ಪರೀಕ್ಷೆಗೆ ಇನ್ನೆಷ್ಟು ದಿನವಿದೆ ಎಂಬ ಪ್ರಶ್ನೆ ಇರುತ್ತಿತ್ತು. ಅವ್ವ ಮಾತ್ರ ಬಂದವರ ಕಣ್ಣುಗಳನ್ನು ನೋಡುತ್ತಿದ್ದಳು.

ಇನ್ನು ಎಂಟನೆಯ ಪಾಠ. ಅದನ್ನು ಕಾಳಾಚಾರಿ ಹಿರೋಡೆಯ ದಂಡಿನಲ್ಲಿದ್ದ ಒಬ್ಬ ಪರಂಗಿ ಮದ್ದುಗಾರನಿಂದ ಕಲಿತಿದ್ದರು. ಪೆಟ್ಲುಪ್ಪಿನ ದ್ರಾವಕಕ್ಕೆ ಅಡುಗೆಯ ಉಪ್ಪು ಸೇರಿದರೆ ಅದರ ಸ್ವಭಾವವೇ ಬದಲಾಗುತ್ತದೆ, ಆಗ ಅದು ಚಿನ್ನವನ್ನೇ ನುಂಗಿಬಿಡುತ್ತದೆ ಎಂಬುದು ಆ ಪಾಠ. ಆದ್ದರಿಂದ ದ್ರಾವಕವನ್ನು ಬಳಸುವ ಮುಂಚೆ ಅದರ ಒಂದು ಹನಿಗೆ ಬೆಳ್ಳಿ ಕರಗಿಸಿದ ನೀರನ್ನು ಬಿಟ್ಟು ನೋಡಬೇಕು. ಒಡೆದ ಹಾಲಿನಂತೆ ಬೆಳ್ಳಗಾದರೆ ಉಪ್ಪಿದೆ ಎಂದು ತಿಳಿಯಬೇಕು. ಅಕಸ್ಮಾತ್ ಚಿನ್ನ ಕರಗಿಯೇ ಹೋದರೆ ಆ ನೀರನ್ನು ಚೆಲ್ಲದೆ, ಹೊಳೆಯ ನೀರು ಬೆರೆಸಿ, ಕಬ್ಬಿಣದ ಹಸಿರುಪ್ಪಾದ ಅನ್ನಭೇದಿ ಹಾಕಬೇಕು, ಚಿನ್ನ ಕಂದುಬಣ್ಣದ ಪುಡಿಯಾಗಿ ತಳಕ್ಕೆ ಇಳಿಯುತ್ತದೆ.

ಈ ಪಾಠವನ್ನು ನಾನು ಬಾಯಿಪಾಠ ಮಾಡಲಿಲ್ಲ. ಪರೀಕ್ಷೆಗೆ ಓದುವವರೆಲ್ಲ ಒಂದಲ್ಲ ಒಂದು ಪಾಠವನ್ನು ಬಿಟ್ಟೇ ಬಿಡುತ್ತಾರೆ, ಇದು ಕೇಳಲಾರರು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಆದರೆ ನನ್ನದು ಸೋಮಾರಿತನ ಮಾತ್ರವಲ್ಲ. ನಾನು ಎಂಟು ವರ್ಷದವನಿದ್ದಾಗ ಅಪ್ಪ ಕುಲುಮೆಯ ಮುಂದೆ ನನ್ನನ್ನು ಕೂರಿಸಿಕೊಂಡು ಹೇಳಿದ್ದರು: "ಬೆಂಕಿಗೆ ಆಕು, ನೀರ್ಗೆ ಆಕು, ಮಣ್ಣಾಗೆ ಊತು. ಚಿನ್ನುಕ್ಕೆ ಏನೂ ಆಗಾಕಿಲ್ಲ ಕಣ್ಲಾ." ಅಪ್ಪನ ಆ ಒಂದು ಮಾತಿನ ಮೇಲೆ ನಾನು ನನ್ನ ಬಾಳನ್ನೇ ಕಟ್ಟಿಕೊಂಡಿದ್ದೆ. ಯಾವನೋ ಪರಂಗಿಯವನು ಬಂದು ಚಿನ್ನ ಉಪ್ಪಿನ ಹಾಗೆ ಕರಗುತ್ತದೆ ಎಂದರೆ ಹೇಗೆ ನಂಬಲಿ? ಪುಟ್ಟತಾಯಿ ಬೀಸುವ ಕಲ್ಲು ನಿಲ್ಲಿಸಿ, "ಏಳು ಒಪ್ಸುದ್ರಿ, ಎಂಟ್ನೇದು ಬುಟ್ಬುಟ್ರಲ್ಲ" ಎಂದಳು. "ಅದು ಕಟ್ಟುಕತೆ ಬುಡು" ಎಂದೆ. ಅವಳು, ಹೊಳೆಯಿಂದ ಬಂದ ದಿನ ನಾನು ಒಮ್ಮೆ ಹೇಳಿದ್ದ ಆ ಪಾಠವನ್ನು ತಾನೇ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿ, ಮತ್ತೆ ಬೀಸಲು ಹಿಡಿದಳು. ಓದು ಬಾರದ ಅವಳು ಕೇಳಿದ್ದನ್ನು ಒಂದಕ್ಷರ ಬಿಡದೆ ಹಿಡಿದಿಟ್ಟುಕೊಳ್ಳುವವಳು.

ನೋಟಗಾರನಾಗುವವನಿಗೆ ನಮ್ಮ ಪೇಟೆಯಲ್ಲಿ ಒಂದು ಕಟ್ಟಳೆಯಿತ್ತು. ಪರೀಕ್ಷೆಯ ದಿನ ಅವನು ಊರವರ ಚಿನ್ನವನ್ನಲ್ಲ, ಸ್ವಂತ ಮನೆಯ ಒಡವೆಯೊಂದನ್ನು ಹಿರಿಯರ ಮುಂದೆ ಕತ್ತರಿಸಿ ಪರೀಕ್ಷಿಸಬೇಕು. ಅದರಲ್ಲಿ ಕಂಡದ್ದನ್ನು ಅಂದೇ ಹೇಳುವಂತಿಲ್ಲ. ಮೂರನೆಯ ದಿನ ಬೆಳಗ್ಗೆ ಬಂದು, ಅವನೇ ತನ್ನ ಬಾಯಿಂದ ಹೇಳಬೇಕು. ನಡುವಿನ ಎರಡು ರಾತ್ರಿ ಮನೆಯವರ ಜೊತೆ ಇದ್ದೂ ಅವನ ನಾಲಿಗೆ ಸುಳ್ಳಿನ ಕಡೆಗೆ ಹೊರಳುವುದಿಲ್ಲವೇ ಎಂದು ನೋಡುವುದೇ ನಿಜವಾದ ಪರೀಕ್ಷೆ. ಅವ್ವ ತನ್ನ ಕೊರಳಿನ ಗುಂಡಿನ ಸರವನ್ನು ಬಿಚ್ಚಿಕೊಟ್ಟಳು. ಮದುವೆಯಾದ ವರ್ಷ ಅಪ್ಪ ತಮ್ಮ ಕೈಯಾರೆ ಮಾಡಿ ಹಾಕಿದ ಸರ. ಹದಿನಾರು ಪಾಲಿನಲ್ಲಿ ಹದಿನೈದು ಚಿನ್ನ ಎಂದು ಅಪ್ಪ ಹೇಳಿದ್ದುದನ್ನು ಅವಳು ನನಗೆ ಹತ್ತು ಸಲವಾದರೂ ಹೇಳಿದ್ದಳು.

ಪರೀಕ್ಷೆ ನಡೆದದ್ದು ಪೇಟೆಯ ಹಿರಿಯರೊಬ್ಬರ ಜಗಲಿಯಲ್ಲಿ, ಹಾಡುಹಗಲಲ್ಲಿ. ಸರದ ಒಂದು ಗುಂಡನ್ನು ಒರೆಗಲ್ಲಿಗೆ ಹಚ್ಚಿದೆ. ಗೆರೆ ತುಂಬ ಚೆನ್ನಾಗಿ ಬಂತು. ಹದಿನಾರು ಗುಲಗಂಜಿ ತೂಕಕ್ಕೆ ಸರಿಮಾಡಿಕೊಂಡು ಸೀಸದ ಜೊತೆ ಪುಟಕ್ಕಿಟ್ಟೆ, ಬೆಳ್ಳಿ ಸೇರಿಸಿದೆ, ತಗಡಾಗಿ ಬಡಿದು ಸುರುಳಿ ಸುತ್ತಿದೆ. ಎಳೆಯ ದ್ರಾವಕದಲ್ಲಿ ಕುದಿಸಿದಾಗ ಬೆಳ್ಳಿ ಗುಳ್ಳೆಗುಳ್ಳೆಯಾಗಿ ಎದ್ದುಹೋಗಿ ಸುರುಳಿ ಕಂದಾಯಿತು. ಅದನ್ನು ಬಸಿದು, ಕೊನೆಯ ಚೂರು ಬೆಳ್ಳಿಯೂ ಹೋಗಲೆಂದು ಸೀಸೆಯ ಬಲಿತ ದ್ರಾವಕವನ್ನು ಹೊಯ್ದೆ. ಏನೋ ಬೇರೆಯ ಘಾಟು ಮೂಗಿಗೆ ಬಂತು. ದ್ರಾವಕ ಹಳದಿಗೆ ತಿರುಗಿತು. ಬಲಿತದ್ದು ಸ್ವಲ್ಪ ಹಳದಿಗೇ ಇರುತ್ತದೆ ಎಂದುಕೊಂಡೆ. ಅಷ್ಟು ಜನ ನೋಡುತ್ತಿದ್ದಾಗ ಮೂಗಿನ ಮಾತನ್ನು ಯಾರು ಕೇಳುತ್ತಾರೆ? ನಾಲ್ಕು ಹನಿ ಬೆರಳ ಮೇಲೆ ಸಿಡಿದದ್ದನ್ನೂ ಲೆಕ್ಕಿಸದೆ, ಉಳಿದದ್ದನ್ನು ತೊಳೆದು ಕೆಂಪಗೆ ಕಾಯಿಸಿ ತಕ್ಕಡಿಗಿಟ್ಟೆ.

ಹದಿನೈದು ಬರಬೇಕಿತ್ತು. ಹನ್ನೊಂದೂವರೆ ಬಂತು.

ಇನ್ನೊಮ್ಮೆ ತೂಗಿದೆ. ತಕ್ಕಡಿಯ ತಟ್ಟೆ ಅಲ್ಲಾಡಿ ಅದೇ ಜಾಗಕ್ಕೆ ಬಂದು ನಿಂತಿತು. ಕಟ್ಟಳೆಯಂತೆ ಯಾರೂ ಮಾತಾಡಲಿಲ್ಲ, ಆದರೆ ತಕ್ಕಡಿಯನ್ನು ಎಲ್ಲರೂ ನೋಡಿದ್ದರು. ಮೈಮೇಲಿನ ಗೆರೆ ಚೆನ್ನಾಗಿ, ಒಳಗೆ ಕಡಿಮೆ ಎಂದರೆ ಅಕ್ಕಸಾಲಿಗರಲ್ಲಿ ಅದಕ್ಕೆ ಒಂದೇ ಅರ್ಥ, ಮೊದಲ ಪಾಠದಲ್ಲಿ ಹೇಳಿದ್ದೇ. ಕಣ್ಣು ಕಾಣದ ಕಾಳಾಚಾರಿ ಮಾತ್ರ ಸುತ್ತಲಿನ ಮೌನ ಕೇಳಿ ನನ್ನ ಕಡೆಗೆ ಮುಖ ತಿರುಗಿಸಿ, "ತೊಳ್ದ ನೀರ್ನೆಲ್ಲ ಮಡಕೇಗೆ ಉಯ್ದು ಮನೇಗೆ ತಕ್ಕೊಂಡೋಗ್ಲಾ, ಚೆಲ್ಬ್ಯಾಡ" ಎಂದರು. ಅದು ನಮ್ಮ ಕಸುಬಿನ ಮಾಮೂಲು. ಅಕ್ಕಸಾಲಿ ತೊಳೆದ ನೀರನ್ನೂ ಗುಡಿಸಿದ ಕಸವನ್ನೂ ಚೆಲ್ಲುವುದಿಲ್ಲ. ನಾನು ಅದನ್ನು ಹೊತ್ತುಕೊಂಡು ಮನೆಗೆ ನಡೆದೆ.

ಅವತ್ತಿನ ಆ ಸಂಜೆಯನ್ನೂ ಮರುದಿನದ ಬೆಳಗನ್ನೂ ನಾನು ಹೇಗೆ ಕಳೆದೆನೆಂದು ಹೇಳುತ್ತೇನೆ, ಕೇಳಿ. ಅವ್ವ ಪಾಯಸ ಮಾಡಿದ್ದಳು. ಒಂದು ಗುಂಡು ಕಡಿಮೆಯಾದ ಸರವನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಬಿಸಿಲಿಗೆ ಹೊಳೆಯುವಂತೆ ಬಾಗಿಲಲ್ಲಿ ಕುಳಿತಿದ್ದಳು. ನಾನು ಆ ಹೊಳಪನ್ನು ನೋಡಲಾರದೆ ಹೊಳೆಯ ಕಡೆಗೆ ಎದ್ದುಹೋದೆ. ಸೋಪಾನದ ಮೇಲೆ ಕುಳಿತು, ಅಪ್ಪನನ್ನು ಒರೆಗೆ ಹಚ್ಚತೊಡಗಿದೆ. ಹೇಳಬಾರದ್ದು ಹೇಳುತ್ತಿದ್ದೇನೆ, ಆದರೆ ನಿಮ್ಮಲ್ಲಿ ಮುಚ್ಚುಮರೆ ಏಕೆ. ಅಪ್ಪ ಕೆಲವು ದಿನ ನನ್ನನ್ನು ಕುಲುಮೆಯಿಂದ ಆಚೆ ಕಳುಹಿಸುತ್ತಿದ್ದುದು ಏಕೆ? ಬಣ್ಣ ಕಟ್ಟುವ ಪಟಿಕ ನಮ್ಮ ಮನೆಯಲ್ಲಿ ಸದಾ ಇರುತ್ತಿತ್ತಲ್ಲ? ಮಗಳ ಮದುವೆಗೆ ಸರ ಮಾಡಿಸಿಕೊಂಡು, ಒರೆಗೆ ಹಚ್ಚದೆ ಕೈಮುಗಿದು ಹೋಗುತ್ತಿದ್ದ ಬಿಂಡಿಗನವಿಲೆಯ ಕುರಿ ಕಾಯುವವರ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಚಿಕ್ಕಂದಿನಿಂದ ಪ್ರೀತಿಯಿಂದ ನೆನೆದಿದ್ದ ಸಂಗತಿಗಳೆಲ್ಲ ಆ ಒಂದು ಹೊತ್ತಿನಲ್ಲಿ ಸಾಕ್ಷಿಗಳಾಗಿ ಎದ್ದುನಿಂತವು. ತೂಕ ಸುಳ್ಳು ಹೇಳುವುದಿಲ್ಲ ಎಂಬುದು ನಾನು ಕಲಿತ ಪಾಠ. ನಾನು ಆ ತೂಕವನ್ನು ನಂಬಿದೆ.

ಮೂರನೆಯ ದಿನ ಹದಿನೈದು ಎಂದುಬಿಡಲೇ ಎಂದು ಯೋಚಿಸಿದ್ದೂ ನಿಜ. ತಕ್ಕಡಿ ನೋಡಿದವರು ನಗುತ್ತಾರೆ, ನೋಟಗಾರನಾಗುವ ಮಾತು ಅಲ್ಲಿಗೆ ಮುಗಿಯುತ್ತದೆ. ಹನ್ನೊಂದೂವರೆ ಎಂದರೆ ನಾನು ಗೆಲ್ಲುತ್ತೇನೆ. ಅಪ್ಪನ ಒಡವೆ ತೊಟ್ಟ ಊರೂರಿನ ಹೆಂಗಸರು ಮರುದಿನವೇ ಕೊರಳಿಗೆ ಕೈಹಾಕಿಕೊಳ್ಳುತ್ತಾರೆ, ಅವ್ವ ಮೊದಲನೆಯವಳಾಗಿ. ಇವೆರಡರಲ್ಲಿ ಯಾವುದನ್ನು ಹೇಳಲೂ ನನಗೆ ನಾಲಿಗೆ ಬರುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆ ಕೈತೊಳೆಯುತ್ತಿದ್ದಾಗ ಪುಟ್ಟತಾಯಿ ನನ್ನ ಬೆರಳು ನೋಡಿದಳು. ನಿನ್ನೆ ದ್ರಾವಕ ಸಿಡಿದಿದ್ದ ಕಡೆ ನಾಲ್ಕು ಕಲೆಗಳು, ಮಾಗಿದ ನೇರಳೆಹಣ್ಣಿನ ಬಣ್ಣದವು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗಲಿಲ್ಲ, ಬೂದಿ ಹಾಕಿದರೂ ಹೋಗಲಿಲ್ಲ. ಬರಿಯ ಪೆಟ್ಲುಪ್ಪಿನ ದ್ರಾವಕ ಬಿದ್ದರೆ ಚರ್ಮ ಹಳದಿಯಾಗುತ್ತದೆ, ಇದು ಆ ಬಣ್ಣವಲ್ಲ. ಅವಳು ನನ್ನ ಕೈಯನ್ನು ಬಿಸಿಲಿಗೆ ಹಿಡಿದು, ಮೆಲ್ಲಗೆ, ರಾಗಿ ಬೀಸುವಾಗಿನ ಅದೇ ದನಿಯಲ್ಲಿ ಒಪ್ಪಿಸತೊಡಗಿದಳು: "ಉಪ್ಪು ಸೇರುದ್ ದ್ರಾವಕ ಚಿನ್ನವ ನುಂಗ್ತದೆ. ನುಂಗುದ್ ನೀರು ಹಳದಿ. ಆ ನೀರು ಕೈಮ್ಯಾಲೆ ಬಿದ್ರೆ, ಬಿಸ್ಲು ಕಂಡ್ಮೇಲೆ ನೇರಳೆ." ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಎಂಟ್ನೇ ಪಾಠ. ನೀವು ಬುಟ್ಟಿದ್ದು."

ನಾನು ಗೂಡಿನ ಕಡೆ ಓಡಿ, ಸೀಸೆಯಲ್ಲಿ ಉಳಿದಿದ್ದ ದ್ರಾವಕದ ಒಂದು ಹನಿಗೆ ಬೆಳ್ಳಿಯ ನೀರು ಬಿಟ್ಟೆ. ಒಡೆದ ಹಾಲಿನ ಹಾಗೆ ಬೆಳ್ಳಗಾಯಿತು. ನಂಬಿಕೆಯಿಲ್ಲದಿದ್ದರೂ ಕಾಳಾಚಾರಿ ಹೇಳಿದರೆಂದು ದ್ರಾವಕ ಇಳಿಸಿದ ದಿನ ಒಮ್ಮೆ ಇದೇ ರೀತಿ ನೋಡಿದ್ದೆ, ಆಗ ತಿಳಿಯಾಗಿಯೇ ಇತ್ತು. ಅಂದಮೇಲೆ ಉಪ್ಪು ಎಲ್ಲಿಂದ ಬಂತು ಎಂದು ನಾನು ಗಟ್ಟಿಯಾಗಿಯೇ ಕೇಳಿದ್ದಿರಬೇಕು. ಬಾಗಿಲಲ್ಲಿ ಕುಳಿತಿದ್ದ ಅವ್ವ, ಇದರಲ್ಲೇನು ದೊಡ್ಡ ವಿಷಯ ಎನ್ನುವ ಹಾಗೆ ಹೇಳಿದಳು: "ನಾನೇ ಕಣಪ್ಪ. ಬಂದೋರ್ ಕಣ್ಣೆಲ್ಲ ಆ ಸೀಸೆ ಮ್ಯಾಲೇ ಇತ್ತು. ಪರೀಕ್ಸೆ ದಿನ ಬೆಳುಗ್ಗೆ ಉಪ್ಪು ನಿವಾಳ್ಸಿ ಅದ್ರೊಳಿಕ್ಕೇ ಆಕ್ದೆ. ಆ ನೀರ್ ಮ್ಯಾಲೆ ಬಿದ್ ಕಣ್ಣು ಆ ನೀರ್ನಾಗೇ ಕರಗೋಗ್ಲಿ ಅಂತ."

ನಮ್ಮಲ್ಲಿ ಹಾಗೆಯೇ. ಮಗುವಿಗೋ ಮದುಮಗಳಿಗೋ ದೃಷ್ಟಿಯಾದರೆ ಹಿಡಿ ಉಪ್ಪನ್ನು ಮೂರು ಸಲ ಸುತ್ತಿ ನೀರಿಗೆ ಹಾಕುತ್ತಾರೆ. ಉಪ್ಪು ಕರಗಿದಂತೆ ಕೆಟ್ಟ ಕಣ್ಣೂ ಕರಗಿತೆಂದು ನಂಬುತ್ತಾರೆ. ಅವ್ವನಿಗೆ ಸೀಸೆಯೊಳಗಿನದು ತಿಳಿನೀರಾಗಿ ಕಂಡಿತ್ತು. ಮೇಣ ತೆಗೆದು, ಮೂರು ಬೆರಳಲ್ಲಿ ಹಿಡಿವಷ್ಟು ಉಪ್ಪನ್ನು ಹಾಕಿ, ಮತ್ತೆ ಮೇಣ ಮೆತ್ತಿ, ನನ್ನನ್ನು ಹರಸಿ ಕಳಿಸಿದ್ದಳು.

ಮಡಕೆಯ ನೀರಿಗೆ ಕಾವೇರಿಯ ನೀರನ್ನು ಧಾರಾಳವಾಗಿ ಬೆರೆಸಿದೆವು. ಅನ್ನಭೇದಿಯನ್ನು ಕರಗಿಸಿ ಪುಟ್ಟತಾಯಿಯೇ ಹೊಯ್ದಳು. ನಾವಿಬ್ಬರೂ ಮಡಕೆಯ ಅಂಚಿಗೆ ಮುಖವಿಟ್ಟು ನೋಡುತ್ತಾ ಕುಳಿತೆವು. ಮೊದಲು ಏನೂ ಇಲ್ಲ. ಆಮೇಲೆ ನೀರು ಕೊಂಚ ಕದಡಿದಂತಾಯಿತು, ಎಲ್ಲಿಂದಲೋ ಕಂದು ಮಬ್ಬೊಂದು ಕವಿಯಿತು, ಅದು ನಿಧಾನವಾಗಿ, ಯಾರ ಅವಸರವೂ ತನಗಿಲ್ಲವೆಂಬಂತೆ, ತಳಕ್ಕೆ ಇಳಿಯತೊಡಗಿತು. ಹೊಳಪಿಲ್ಲ, ಬಣ್ಣವಿಲ್ಲ, ನಶ್ಯದ ಪುಡಿಯೆಂದರೂ ನಂಬಬೇಕು. ಅದೇ ಚಿನ್ನ. ಕಾಣದೆ ಹೋದದ್ದೆಲ್ಲ ಕಳೆದುಹೋದದ್ದಲ್ಲ, ರೂಪ ಬಿಟ್ಟು ಎಲ್ಲೋ ಇರುತ್ತದೆ, ಕರೆಯುವ ಬಗೆ ಗೊತ್ತಿದ್ದರೆ ಬರುತ್ತದೆ ಎಂದು ಆ ಮಧ್ಯಾಹ್ನ ನನಗೆ ಮೊದಲ ಸಲ ಅರ್ಥವಾಯಿತು. ನನಗೆ ಅಳು ಬಂತು. ಪುಟ್ಟತಾಯಿ ನೋಡಿಯೂ ನೋಡದವಳ ಹಾಗೆ ಮಡಕೆಗೆ ಬಟ್ಟೆ ಮುಚ್ಚಿದಳು.

ಮೂರನೆಯ ದಿನ ಬೆಳಗ್ಗೆ ನಾನು ಜಗಲಿಯ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಉಪ್ಪಿನ ವಿಷಯವನ್ನೂ, ಬಿಟ್ಟ ಪಾಠದ ವಿಷಯವನ್ನೂ ಮುಚ್ಚಿಡಲಿಲ್ಲ. ಮಡಕೆಯ ತಳದ ಪುಡಿಯನ್ನು ಅವರೆದುರೇ ತೊಳೆದು, ಕಾಯಿಸಿ, ಗುಂಡಾಗಿ ಕರಗಿಸಿ, ಮೊದಲಿನದರ ಪಕ್ಕದಲ್ಲಿಟ್ಟು ತೂಗಿದೆ. ಎರಡೂ ಸೇರಿ ಹದಿನೈದಕ್ಕೆ ಒಂದು ಅಕ್ಕಿಕಾಳಿನ ಅರ್ಧದಷ್ಟು ಕಡಿಮೆ. ಅದು ನನ್ನ ಬೆರಳಿನ ಮೇಲಿದೆ ಎಂದು ಕಲೆ ತೋರಿಸಿದಾಗ ಹಿರಿಯರೊಬ್ಬರು ನಕ್ಕರು. ಅಪ್ಪನ ಹೆಸರು ಎಲ್ಲಿತ್ತೋ ಅಲ್ಲೇ ಉಳಿಯಿತು.

ಕಾಳಾಚಾರಿ ಮಾತ್ರ ನಗಲಿಲ್ಲ. "ದ್ರಾವಕವ ಅವತ್ತು ಬೆಳುಗ್ಗೆ ಯಾಕ್ ನೋಡ್ನಿಲ್ಲ? ಇಳ್ಸುದ್ ದಿನ ನೋಡಿದ್ದು ಆ ದಿನಕ್ಕೆ ಆಯ್ತು ಕಣ್ಲಾ. ಇನ್ನೊಂದೊರ್ಸ ನನ್ ಪಕ್ದಾಗೆ ಕೂತ್ಕಂಡು ಕಲಿ, ಆಮ್ಯಾಕೆ ನೋಡುವ" ಎಂದರು. ಅದು ನ್ಯಾಯವಾಗಿತ್ತು. ನಾನು ಅವರ ಕಾಲು ಮುಟ್ಟಿ ಎದ್ದೆ. ಮರುವರ್ಷ ಆ ಕೆಲಸ ನನಗೇ ಬಂತು, ಆದರೆ ಅದು ಬೇರೆ ಮಾತು.

ಮನೆಗೆ ಬಂದು ಅವ್ವನಿಗೆ ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ತೂಗಿನೋಡಿದ್ದೆ. ಪೇಟೆಗೆಲ್ಲ ಗೊತ್ತಾದದ್ದು ಅವಳಿಗೆ ಪರರ ಬಾಯಿಂದ ಗೊತ್ತಾಗಬಾರದೆಂದು ಎದುರಿಗೆ ಕುಳಿತು ಹೇಳಿದೆ. ಅವಳ ಮನಸ್ಸಿಗೆ ನೋವಾಗದಂತೆ, ಉಪ್ಪು ಹಾಕಿದ್ದರಲ್ಲಿ ತಪ್ಪೇನಿಲ್ಲ, ನಾನು ನೋಡಿಕೊಳ್ಳಬೇಕಿತ್ತು ಎಂದು ನಾಲ್ಕು ಸಲ ಹೇಳಿದೆ. ತೂಕ ಕಡಿಮೆ ಬಂದದ್ದು, ಹಿರಿಯರು ಸುಮ್ಮನಾದದ್ದು, ನಾನು ಅಂದು ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಅಪ್ಪನನ್ನೇ ಯೋಚಿಸಿ ಬೆಂದದ್ದು, ಎಲ್ಲವನ್ನೂ ಹೇಳಿದೆ. ಕೊನೆಗೆ ಎಲ್ಲ ಸರಿಹೋಯಿತು ಎಂದು ನಕ್ಕೆ.

ಅವ್ವ ನಗಲಿಲ್ಲ. ತನ್ನ ಉಪ್ಪಿನ ಬಗ್ಗೆ ಅವಳಿಗೆ ಯಾವ ಪಶ್ಚಾತ್ತಾಪವೂ ಇದ್ದಂತೆ ಕಾಣಲಿಲ್ಲ. ಅವಳು ಕೊರಳಿನ ಸರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಅಂಗಾರೆ ಅಷ್ಟೊತ್ತೂ, ನಿಮ್ಮಪ್ಪ ಕಳ್ಳ ಅಂದ್ಕಂಡಿದ್ಯಾ ಮಗ?"

ಆ ಹೊತ್ತಿಗೆ ಎಂಟೂ ಪಾಠಗಳಲ್ಲಿ ಎಲ್ಲಿ ಕೇಳಿದರೂ ಹೇಳಬಲ್ಲವನಾಗಿದ್ದೆ. ಚಿನ್ನ ಕರಗುವುದಿಲ್ಲ ಎಂಬ ಅಪ್ಪನ ಮಾತನ್ನು ನಂಬಿ ಒಂದು ಪಾಠವನ್ನೇ ಬಿಟ್ಟವನು, ಅಪ್ಪನ 'ಹದಿನೈದು' ಎಂಬ ಮಾತನ್ನು ಒಂದು ತಕ್ಕಡಿ ಅಲ್ಲಾಡಿದ ಮಾತ್ರಕ್ಕೆ ಬಿಟ್ಟುಕೊಟ್ಟಿದ್ದೆ. ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಸುಳ್ಳು ಹೊರಗೆ ಬರಲಿಲ್ಲ. ಅವ್ವ ಎದ್ದು, ನನ್ನ ತಟ್ಟೆಗೆ ಅನ್ನ ಬಡಿಸಿ, ನನ್ನ ಪಕ್ಕದಲ್ಲಿ ಕೂರದೆ ಒಳಗೆ ಹೋದಳು.